ಆಫ್ ಆಗದ ಕಾರಿನಲ್ಲಿ ಹೆಣ್ಣು ನೋಡಲು ಹೋದದ್ದು

ಯಾರಾದರೂ ಬೀಗದ ಕೈ ಕೊಟ್ಟರೆ ಅದನ್ನು ಮೊದಲು ಮೂಸಿ ನೋಡುವುದು ನನ್ನ ಅಭ್ಯಾಸ. ಇದು ಒಳ್ಳೆಯ ಅಭ್ಯಾಸವೆಂದು ನಾನು ವಾದಿಸುವುದಿಲ್ಲ. ಚಾಮರಾಜನಗರದ ಹೈಸ್ಕೂಲೊಂದರಲ್ಲಿ ಕನ್ನಡ ಮೇಡಮ್ ಆಗಿರುವ ನನಗೆ ಮೊನ್ನೆ ಹೆಡ್‌ಮಾಸ್ಟರು ಬೀರುವಿನ ಕೈಯನ್ನು ಬಹಳ ಜವಾಬ್ದಾರಿಯಿಂದ ಒಪ್ಪಿಸಿದರು. ನಾನೂ ಅಷ್ಟೇ ಜವಾಬ್ದಾರಿಯಿಂದ ಅದನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಅರೆಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡು, "ಸರಿಯಾಗಿದೆ ಸಾರ್" ಎಂದೆ. ಅವರು ನನ್ನನ್ನು ನೋಡಿದರು, ಬೀರುವನ್ನು ನೋಡಿದರು, ಆಮೇಲೆ ಕೈಯನ್ನು ವಾಪಸು ಇಸಿದುಕೊಂಡು ಗಣಿತದ ಮೇಷ್ಟ್ರಿಗೆ ಕೊಟ್ಟುಬಿಟ್ಟರು.

ನಾನು ಹುಡುಕುತ್ತಿದ್ದುದು ಹರಳೆಣ್ಣೆಯ ವಾಸನೆಯನ್ನು. ಬೀರುವಿಗೆ ಹರಳೆಣ್ಣೆ ಯಾರು ಹಾಕುತ್ತಾರೆ ಎಂದು ನೀವು ಕೇಳಬಹುದು. ನಿಮಗೆ ನಮ್ಮ ಚಿಕ್ಕಪ್ಪ ಗೊತ್ತಿಲ್ಲ, ಅದಕ್ಕೆ ಕೇಳುತ್ತೀರಿ.

ಚಿಕ್ಕಪ್ಪನ ಹೆಸರು ಗುರುಮಲ್ಲಪ್ಪ. ನಮ್ಮ ಅಪ್ಪನ ಕೊನೆಯ ತಮ್ಮ. ನಮ್ಮೂರು ಕುದೇರಿನಲ್ಲಿ ಅರಿಶಿನ, ಬಾಳೆ ಬೆಳೆಯುತ್ತಿದ್ದ. ನಾನು ಬೆಳೆದದ್ದೂ ಅದೇ ಮನೆಯಲ್ಲಿ. ಆ ಮನೆಯ ಎಣ್ಣೆ ಖಾತೆ ಪೂರ್ತಿ ಅವನದೇ. ಹಲಸಿನ ಬೀಜದ ಬಣ್ಣದ ಒಂದು ಸೀಸೆ, ಅದಕ್ಕೆ ಬಟ್ಟೆ ಸುತ್ತಿದ ಬಿರಡೆ. ಮಕ್ಕಳಿಗೆ ಹೊಟ್ಟೆ ನೋವೆಂದರೆ ಹರಳೆಣ್ಣೆ, ಹೊಟ್ಟೆ ನೋವಿಲ್ಲವೆಂದರೆ ಮುಂದೆ ಬರದಿರಲೆಂದು ಹರಳೆಣ್ಣೆ. ಬಾಗಿಲು ಕಿರುಗುಟ್ಟಿದರೆ, ಎತ್ತಿನ ಕೊಂಬು ಒಣಗಿದರೆ, ಅಜ್ಜಿಯ ಮಂಡಿ ಹಿಡಿದುಕೊಂಡರೆ, ರೇಡಿಯೋ ಗೊರಗೊರ ಎಂದರೆ ಎಲ್ಲಕ್ಕೂ ಅದೇ ಸೀಸೆ. ರಜೆಯ ದಿನ ಬೆಳಿಗ್ಗೆ ನಮ್ಮನ್ನು ಜಗಲಿಯ ಮೇಲೆ ಸಾಲಾಗಿ ಕೂರಿಸಿ, ಒಬ್ಬೊಬ್ಬರ ಮೂಗು ಹಿಡಿದು, ಬಾಯಿ ತೆರೆದ ಕೂಡಲೇ ಒಂದು ಒಳಲೆ ಎಣ್ಣೆ ಸುರಿದು, ಹಿಂದೆಯೇ ಒಂದು ಉಂಡೆ ಬೆಲ್ಲ ತುರುಕುತ್ತಿದ್ದ. ಬೆಲ್ಲದ ಆಸೆಗೆ ನಾನು ಒಮ್ಮೆ ಸಾಲಿನ ಕೊನೆಗೆ ಹೋಗಿ ಮತ್ತೆ ಕೂತಿದ್ದೆ. ಆ ದಿನದ ಮುಂದಿನ ಭಾಗವನ್ನು ಲಲಿತವಾಗಿ ಬರೆಯಲು ಬರುವುದಿಲ್ಲ.

ಇಂಥ ಧೈರ್ಯವಂತ ಚಿಕ್ಕಪ್ಪನಿಗೆ ಇದ್ದದ್ದು ಒಂದೇ ಭಯ. ಗುರುತಿಲ್ಲದ ಹೆಂಗಸರ ಎದುರು ಅವನಿಗೆ ಮಾತು ಹೊರಡುತ್ತಿರಲಿಲ್ಲ. ಹಾವನ್ನು ಕೋಲಲ್ಲಿ ಎತ್ತಿ ಬೇಲಿಯಾಚೆ ಬಿಡುತ್ತಿದ್ದ, ಹಾಯುವ ಎತ್ತಿನ ಮೂಗುದಾರ ಹಿಡಿಯುತ್ತಿದ್ದ, ಆದರೆ ಬಸ್ಸಿನಲ್ಲಿ ಪಕ್ಕದ ಹೆಂಗಸು "ಟೈಮೆಷ್ಟು?" ಎಂದು ಕೇಳಿದರೆ ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುತ್ತಿದ್ದ. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅವನಿಗೆ ಉಮ್ಮತ್ತೂರಿನಲ್ಲಿ ಒಂದು ಹೆಣ್ಣು ನೋಡಿದ್ದರು. ಉಪ್ಪಿಟ್ಟು ತಿಂದು, ಕೈ ತೊಳೆಯುತ್ತೇನೆಂದು ಹಿತ್ತಲಿಗೆ ಹೋದವನು ಹಾಗೆಯೇ ಹೊಲ ದಾಟಿ ಹೊರಟುಹೋದ. ಒಳಗಿದ್ದವರು ಬಹಳ ಹೊತ್ತು ಗಂಡು ಕೈ ತೊಳೆಯುತ್ತಿದೆ ಎಂದೇ ನಂಬಿ ಕೂತಿದ್ದರು. ಅವನು ಬಿಟ್ಟುಬಂದ ಚಪ್ಪಲಿಯನ್ನು ಹೆಣ್ಣಿನ ಕಡೆಯವರು ಪೇಪರಿನಲ್ಲಿ ಸುತ್ತಿ ಬಸ್ಸಿನಲ್ಲಿ ಕಳಿಸಿಕೊಟ್ಟರು. ಎಂಥ ಒಳ್ಳೆಯ ಜನ! ನಮ್ಮವ್ವ ಇಂದಿಗೂ ಆ ಸಂಬಂಧ ತಪ್ಪಿದ್ದಕ್ಕೆ ಹಳಹಳಿಸುತ್ತಾಳೆ.

ಅವ್ವ ಆ ಮನೆಗೆ ಸೊಸೆಯಾಗಿ ಬಂದಾಗ ಚಿಕ್ಕಪ್ಪ ಇನ್ನೂ ಚಡ್ಡಿ ಹಾಕುವ ಹುಡುಗ. ಅವನಿಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ. ಅಪ್ಪ ತೀರಿಕೊಂಡ ಮೇಲೆ ಅವಳು ಚಾಮರಾಜನಗರಕ್ಕೆ ನನ್ನ ಜೊತೆ ಇರಲು ಬಂದಳು. ಕುದೇರಿನ ಮನೆಯಲ್ಲಿ ಚಿಕ್ಕಪ್ಪ ಒಬ್ಬನೇ ಉಳಿದ. ವಾರಕ್ಕೊಮ್ಮೆ ಬಾಳೆಗೊನೆ, ಸೊಪ್ಪು ಹೇರಿಕೊಂಡು ನಮ್ಮ ಮನೆಗೆ ಬರಲೆಂದೇ ಯಾರೋ ಓಡಿಸಿ ಬಿಟ್ಟ ಒಂದು ಬಿಳಿ ಕಾರು ಕೊಂಡುಕೊಂಡ. ಅದರ ಗಾಜನ್ನು ಕೈಯಲ್ಲಿ ಹಿಡಿದು ಎಳೆದರೆ ಮಾತ್ರ ಮೇಲೇರುತ್ತಿತ್ತು. ಹಾರನ್ ಒತ್ತಿದರೆ ವೈಪರ್ ಒಮ್ಮೆ ಬೆಚ್ಚಿಬೀಳುತ್ತಿತ್ತು. ಪೆಟ್ರೋಲಿನ ಮುಳ್ಳು ತನಗೆ ತೋಚಿದ ಕಡೆ ನಿಲ್ಲುತ್ತಿತ್ತು.

ಅವನಿಗೆ ಐವತ್ತೆಂಟಾದಾಗ ಅವ್ವ ಕೊನೆಯ ಪ್ರಯತ್ನಕ್ಕೆ ಕೈ ಹಾಕಿದಳು. ಗುಂಡ್ಲುಪೇಟೆ ಆಚೆಯ ಹಂಗಳದಲ್ಲಿ ಗೌರಮ್ಮ ಎಂಬವರು ಅಂಗನವಾಡಿ ಟೀಚರು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತ ಮದುವೆಯ ಮಾತು ಮುಂದಕ್ಕೆ ಹೋಗಿ ಹೋಗಿ, ತಾಯಿ ಕಣ್ಣು ಮುಚ್ಚುವಷ್ಟರಲ್ಲಿ ಐವತ್ತು ದಾಟಿತ್ತು. ಅವರ ಅಣ್ಣ ನಂಜಪ್ಪನವರು ಹತ್ತಿರದಲ್ಲೇ ಬೇರೆ ಮನೆ ಮಾಡಿಕೊಂಡಿದ್ದರು. ಅವರೇ ಹೇಳಿ ಕಳಿಸಿದ್ದರು. ಅವ್ವ ಚಿಕ್ಕಪ್ಪನಿಂದ ಬೆಟ್ಟದ ಮಾದಪ್ಪನ ಮೇಲೆ ಆಣೆ ಹಾಕಿಸಿಕೊಂಡಳು, ಹಿತ್ತಲ ಕಡೆ ತಲೆ ಹಾಕುವುದಿಲ್ಲ ಎಂದು.

ಶ್ರಾವಣದ ಒಂದು ಭಾನುವಾರ ಹೊರಡುವುದೆಂದಾಯಿತು. ಬೆಳಿಗ್ಗೆ ಚಿಕ್ಕಪ್ಪ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಕಾರು ತಂದು ನಿಲ್ಲಿಸಿದ. ಅವ್ವ ರೇಷ್ಮೆ ಸೀರೆ ಉಟ್ಟು ಹಣ್ಣಿನ ಬುಟ್ಟಿಯೊಂದಿಗೆ ಹಿಂದೆ ಕೂತಳು, ನಾನು ಮುಂದೆ. ಕಾರು ಸ್ಟಾರ್ಟ್ ಆಗಲಿಲ್ಲ. ಕೀ ತಿರುಗುತ್ತಲೇ ಇರಲಿಲ್ಲ. ಅವನು ಸ್ಟೀರಿಂಗನ್ನು ಆ ಕಡೆ ಈ ಕಡೆ ಅಲುಗಿಸಿದ, ಕೀಯನ್ನು ಎಳೆದು ಮತ್ತೆ ಹಾಕಿದ, ಅದರ ಮೇಲೆ ಉಫ್ ಎಂದು ಊದಿದ. ಕೊನೆಗೆ ನಗುನಗುತ್ತ ಡ್ಯಾಶ್‌ಬೋರ್ಡಿನ ಖಾನೆ ತೆರೆದು ಹರಳೆಣ್ಣೆ ಸೀಸೆ ತೆಗೆದ.

"ಬ್ಯಾಡ ಚಿಕ್ಕಪ್ಪ, ಮೆಕ್ಯಾನಿಕ್ಕಿಗೆ ತೋರ್ಸನ," ಎಂದೆ.

"ನೀ ಸುಮ್ಕಿರಮ್ಮಿ. ಒಂದು ವಾರದಿಂದ ಅಳ್ಳೆಣ್ಣೆ ಬುಡ್ತಾವ್ನಿ. ಈಗ ದಾರಿಗೆ ಬತ್ತಾ ಅದ," ಎಂದು ಕೀ ತೂತಿಗೆ ಧಾರಾಳವಾಗಿ ಸುರಿದ. ವಾರದಿಂದ ಸುರಿದ ಎಣ್ಣೆ, ಕುದೇರಿನ ದಾರಿಯ ದೂಳು ಎರಡೂ ಸೇರಿ ಆ ತೂತಿನೊಳಗೆ ಯಾವ ಲೇಹ್ಯ ತಯಾರಾಗಿತ್ತೋ! ಕೀ ಗಪ್ಪನೆ ತಿರುಗಿತು, ಕಾರು ಗುರ್ರೆಂದಿತು. ಚಿಕ್ಕಪ್ಪ ನನ್ನತ್ತ ನೋಡಿದ ನೋಟ, ಹಿಂದೆ ನನ್ನ ಬಾಯಿಗೆ ಎಣ್ಣೆ ಸುರಿದು ಗೆದ್ದಾಗ ನೋಡುತ್ತಿದ್ದ ನೋಟವೇ.

ತೆರಕಣಾಂಬಿಯಲ್ಲಿ ಅವ್ವ ಮಲ್ಲಿಗೆ ಹೂವಿಗೆ ನಿಲ್ಲಿಸು ಎಂದಳು. ನಿಲ್ಲಿಸಿದ. ಹೂವು ಕೊಂಡದ್ದಾಯಿತು. ಚಿಕ್ಕಪ್ಪ ಮಾತ್ರ ಬಗ್ಗಿ ಕೀ ಜೊತೆ ಗುದ್ದಾಡುತ್ತಲೇ ಇದ್ದ.

"ಏನ್ಲಾ ಅದು?" ಎಂದಳು ಅವ್ವ.

"ಆಫ್ ಆಗ್ತಾ ಇಲ್ಲ ಅತ್ಗೆ."

"ಅಂದ್ರೆ?"

"ಅಂದ್ರೆ ಓಡ್ತಾನೇ ಇರ್ತದ."

ಕೀ ಆನ್ ಎಂಬಲ್ಲಿ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು, ಈಚೆಗೂ ಬಾರದು. ಗೇರಿನಲ್ಲಿಟ್ಟು ಕ್ಲಚ್ ಬಿಟ್ಟರೆ ಇಂಜಿನ್ ನಿಲ್ಲುತ್ತದೆ, ಆದರೆ ಕೀ ತಿರುಗದ ಮೇಲೆ ಮತ್ತೆ ಸ್ಟಾರ್ಟ್ ಮಾಡಲು ಕಾರನ್ನು ತಳ್ಳಬೇಕು ಎಂದು ಚಿಕ್ಕಪ್ಪ ವಿವರಿಸಿದ. "ರೇಷ್ಮೆ ಸೀರೆ ಉಟ್ಕಂಡು ನಾನ್ ತಳ್ಳನಾ? ಓಡ್ತಾನೇ ಇರ್ಲಿ ಬುಡು. ಓಗದೂ ಅಲ್ಲಿಗೇ ತಾನೆ," ಎಂದಳು ಅವ್ವ. ನನಗೆ ನಗು ಶುರುವಾದದ್ದು ಅಲ್ಲಿ. ನನ್ನದು ಕೆಟ್ಟ ನಗು. ಒಮ್ಮೆ ಹತ್ತಿದರೆ ಸಾವಿನ ಮನೆಯಲ್ಲೂ ನಿಲ್ಲುವುದಿಲ್ಲ. ಸೆರಗಿನ ತುದಿ ಕಚ್ಚಿಕೊಂಡು ಕಿಟಕಿಯಾಚೆ ನೋಡುತ್ತ ಕೂತೆ.

ಗುಂಡ್ಲುಪೇಟೆಯ ಪೆಟ್ರೋಲ್ ಬಂಕಿನಲ್ಲಿ ಒಬ್ಬ ಹೆಣ್ಣುಮಗಳು ಪೈಪು ಹಿಡಿದು ನಿಂತಿದ್ದಳು. "ಇಂಜಿನ್ ಆಫ್ ಮಾಡಿ ಸಾರ್," ಎಂದಳು. ಚಿಕ್ಕಪ್ಪ ಸ್ಟೀರಿಂಗನ್ನೇ ನೋಡುತ್ತ ಕೂತ. "ಸಾರ್, ಆಫ್ ಮಾಡಿ." ಹಿಂದಿನ ಸೀಟಿನಿಂದ ಅವ್ವ ತಲೆ ಹೊರಹಾಕಿ, "ಆಯ್ತಾ ಇಲ್ಲ ಕಣವ್ವ," ಎಂದಳು.

"ಆಫ್ ಆಗ್ದೆ ಹಾಕಂಗಿಲ್ಲ ಕಣಮ್ಮ. ಗಾಡಿ ಈಚೆಗ್ ತಗೀರಿ, ಹಿಂದೆ ಬಸ್ಸದೆ."

"ಎಣ್ಣು ನೋಡಕ್ಕೆ ಓಯ್ತಾ ಇವಿ ಕಣವ್ವ, ಒಸಿ ಹಾಕ್ಬುಡು."

ಅವಳು ಬಗ್ಗಿ ಒಳಗೆ ನೋಡಿದಳು. ಹೆಣ್ಣು ನೋಡುವ ಗಂಡು ಎಲ್ಲಿ ಎಂದು ಹುಡುಕಿದಳು. ನರೆತ ಮೀಸೆಯ ಚಿಕ್ಕಪ್ಪನ ಕಿವಿ ಕೆಂಪಗಾದದ್ದು ನೋಡಿ ಅವಳಿಗೆ ಅರ್ಥವಾಯಿತು. ಪೆಟ್ರೋಲು ಹಾಕಲಿಲ್ಲ, ಆದರೆ "ಒಳ್ಳೇದಾಗ್ಲಿ ಸಾರ್," ಎಂದು ಕೈ ಬೀಸಿದಳು. ಭಾನುವಾರವಾದ್ದರಿಂದ ಗ್ಯಾರೇಜುಗಳೆಲ್ಲ ಬಾಗಿಲು ಹಾಕಿದ್ದವು. ಇರುವ ಪೆಟ್ರೋಲು ಹಂಗಳದವರೆಗೆ ಹೇಗೂ ಸಾಕು ಎಂದು ಚಿಕ್ಕಪ್ಪ ಗಾಡಿ ಬಿಟ್ಟ.

ಹಂಗಳದಲ್ಲಿ ಗೌರಮ್ಮನವರ ಮನೆ ಮುಂದೆ ಕಾರು ನಿಂತಿತು. ನಿಂತಿತು ಎಂದರೆ ಗುರುಗುಡುತ್ತ ನಿಂತಿತು. ನಂಜಪ್ಪನವರು ಕೈ ಮುಗಿದು, "ಬನ್ನಿ ಬನ್ನಿ, ಇಳ್ಕಳಿ," ಎಂದರು. ಅವ್ವ ಇಳಿದಳು, ನಾನು ಇಳಿದೆ. ಚಿಕ್ಕಪ್ಪ ಇಳಿಯಲಿಲ್ಲ.

"ಗಾಡಿ ಆಫ್ ಆಗಕ್ಕಿಲ್ಲ. ಇಲ್ಲೇ ಇರ್ತೀನಿ, ನೀವ್ ಮಾತಾಡಿ," ಎಂದ. ಅವನ ಮುಖದಲ್ಲಿ ಅಷ್ಟೊಂದು ನೆಮ್ಮದಿಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಹಿತ್ತಲಿಗೆ ಹೋಗುವುದಿಲ್ಲ ಎಂದು ಆಣೆ ಮಾಡಿದ್ದ. ಮನೆಯೊಳಕ್ಕೆ ಬರುತ್ತೇನೆಂದು ಮಾಡಿರಲಿಲ್ಲವಲ್ಲ.

ಒಳಗೆ ನಮಗೆ ಕುರ್ಚಿ ಹಾಕಿದರು, ಕೇಸರಿಬಾತು ಕೊಟ್ಟರು. ಹೊರಗಿನ ಇಂಜಿನ್ ಸದ್ದಿಗೆ ಮಾತೆಲ್ಲ ಕೂಗಿಯೇ ಆಡಬೇಕು. "ಗಂಡಿಗೆ ಜಮೀನೆಷ್ಟು?" ಎಂದು ನಂಜಪ್ಪನವರು ಕೂಗಿದರು. "ಬಾಳ ಒಳ್ಳೆ ಹುಡ್ಗ!" ಎಂದು ಅವ್ವ ಕೂಗಿದಳು. ಬೀದಿಯ ಗಂಡಸರೆಲ್ಲ ಕಾರಿನ ಸುತ್ತ ಸೇರಿದ್ದರು. ಒಬ್ಬ ಸುತ್ತಿಗೆಯಲ್ಲಿ ತಟ್ಟಲು ಹೇಳಿದ, ಒಬ್ಬ ಬಿಸಿನೀರು ಬಿಡಲು ಹೇಳಿದ. ಚಿಕ್ಕಪ್ಪ ಎಲ್ಲರಿಗೂ ಹರಳೆಣ್ಣೆಯ ಗುಣ ವರ್ಣಿಸುತ್ತಿದ್ದ. "ಬೇಕೂ ಅಂತ್ಲೇ ಮಾಡ್ಕಂಡವ್ನ ಕಣಮ್ಮಿ," ಎಂದು ಅವ್ವ ನನ್ನ ಕಿವಿಯಲ್ಲಿ ಹಲ್ಲು ಕಡಿದಳು. ಅವಳ ಕಣ್ಣಲ್ಲಿ ನೀರಾಡುತ್ತಿತ್ತು. ಈ ಸಲವೂ ತಪ್ಪಿದರೆ ಇನ್ನು ಕೇಳುವವರಿಲ್ಲವೆಂದು ಅವಳಿಗೆ ಗೊತ್ತಿತ್ತು.

ಆಗ ಅಡಿಗೆಮನೆಯಿಂದ ಗೌರಮ್ಮ ಬಂದರು. ದುಂಡು ಮುಖ, ಕನ್ನಡಕ, ಹಸಿರು ಸೀರೆ, ಕೈಯಲ್ಲಿ ಕಾಫಿಯ ತಟ್ಟೆ. ನಮಗೆ ಕಾಫಿ ಕೊಟ್ಟು, ಉಳಿದ ಒಂದು ಲೋಟ ನೋಡಿ, "ಅವ್ರೆಲ್ಲಿ?" ಎಂದರು.

ನಂಜಪ್ಪನವರು ಗಂಟಲು ಸರಿಪಡಿಸಿಕೊಂಡು, "ಹೊರಗವ್ರೆ. ಗಾಡಿ ಒಸಿ..." ಎಂದರು.

ಗೌರಮ್ಮ ಗೂಟದಲ್ಲಿದ್ದ ಕೈಚೀಲ ಹೆಗಲಿಗೆ ಹಾಕಿ, ಆ ಲೋಟ ಹಿಡಿದು ನಮ್ಮೆಲ್ಲರನ್ನೂ ದಾಟಿ ಹೊರಗೆ ನಡೆದರು. ಗಂಡಸರು ದಾರಿ ಬಿಟ್ಟರು. ನಾನು ಕಿಟಕಿಗೆ ಓಡಿದೆ. ಅವರು ಕಾರಿನ ಕಿಟಕಿಯೊಳಗೆ ಲೋಟ ನೀಡಿದರು. ಚಿಕ್ಕಪ್ಪ ಮೀಟರುಗಳ ಮೇಲೆ ಕಣ್ಣಿಟ್ಟೇ ಅದನ್ನು ಇಸಿದುಕೊಂಡು ಒಂದೇ ಗುಟುಕಿಗೆ ಕುಡಿದ. ಬಾಯಿ ಸುಟ್ಟಿರಬೇಕು, ಕಣ್ಣು ಮೇಲಕ್ಕೆ ಹೋಯಿತು.

"ಹಿಂಗೇ ನಿಂತಿದ್ರೆ ಇಂಜಿನ್ ಬಿಸಿ ಆಗಕ್ಕಿಲ್ವಾ?" ಎಂದರು ಗೌರಮ್ಮ.

"ಆಯ್ತದ," ಎಂದ ಚಿಕ್ಕಪ್ಪ, ಮೀಟರಿಗೆ.

"ಓಡ್ತಿದ್ರೆ?"

"ಗಾಳಿ ಹೊಡ್ದು ತಣ್ಣಗಾಯ್ತದ."

"ಹಂಗಾರೆ ಓಡ್ಸಿ," ಎಂದು ಎಡಗಡೆ ಬಾಗಿಲು ತೆಗೆದು, ತಮ್ಮ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತೇಬಿಟ್ಟರು.

ನಂಜಪ್ಪನವರು ಬಾಯಿ ತೆರೆದರು, ಮುಚ್ಚಲಿಲ್ಲ. ಅವ್ವ ನನ್ನ ಬೆನ್ನಿಗೊಂದು ಗುದ್ದಿ, "ಓಗಮ್ಮಿ, ಹಿಂದ್ಗಡೆ ಕೂತ್ಕ ಓಗು!" ಎಂದಳು. ನಾನು ಕೇಸರಿಬಾತಿನ ಕೈಯಲ್ಲೇ ಓಡಿ ಹತ್ತಿದೆ.

ಕಾರು ಊರು ದಾಟಿ ಹೊಲಗಳ ನಡುವಿನ ಸಣ್ಣ ರಸ್ತೆಗೆ ಇಳಿಯಿತು. ಎರಡೂ ಕಡೆ ಚೆಂಡುಹೂವು ಅರಳಿ ನಿಂತಿತ್ತು. ನಾನು ಮತ್ತೆ ಸೆರಗಿನ ತುದಿ ಕಚ್ಚಿಕೊಂಡು ಕೂತೆ.

"ಏನ್ ಹಾಕುದ್ರಿ ಇದಕ್ಕೆ, ಹಿಂಗ್ ವಾಸ್ನೆ?" ಎಂದು ಗೌರಮ್ಮ ಕೇಳಿದರು.

"ಅಳ್ಳೆಣ್ಣೆ."

"ಯಾಕೆ? ಇದಕ್ಕೂ ಹೊಟ್ಟೆನೋವಾ?"

ನನ್ನ ನಗು ಸೆರಗು ಹರಿದುಕೊಂಡು ಹೊರಬಂತು. ನಾನು ಸೀಟಿನ ಮೇಲೆ ಉರುಳಿದೆ. ಅಷ್ಟರಲ್ಲಿ ಇನ್ನೊಂದು ಸದ್ದು ಕೇಳಿಸಿತು. ಚಿಕ್ಕಪ್ಪ ನಗುತ್ತಿದ್ದ. ಗುರುತಿಲ್ಲದ ಹೆಂಗಸಿನ ಪಕ್ಕ ಕೂತು, ಹೊಟ್ಟೆ ಕುಲುಕಿಸಿ, ಸ್ಟೀರಿಂಗ್ ಅಲ್ಲಾಡುವ ಹಾಗೆ ನಗುತ್ತಿದ್ದ.

ಆಮೇಲೆ ಅವನಿಗೆ ಮಾತು ಬಂತು. ಕಣ್ಣು ರಸ್ತೆಯ ಮೇಲೆ, ಕೈ ಸ್ಟೀರಿಂಗಿನ ಮೇಲೆ. ಎದುರಿನವರ ಮುಖ ನೋಡುವ ಪ್ರಮೇಯವೇ ಇಲ್ಲ. ಅದೇ ಅವನಿಗೆ ಬೇಕಿದ್ದದ್ದೋ ಏನೋ. ಅರಿಶಿನ ಬೇಯಿಸುವಾಗಿನ ಘಮ, ಬಾಳೆತೋಟಕ್ಕೆ ಬರುವ ನವಿಲು, ಒಬ್ಬನೇ ಅಡಿಗೆ ಮಾಡಿದರೆ ಸಾರು ಯಾವಾಗಲೂ ಹೆಚ್ಚಾಗುವುದು, ಎಲ್ಲ ಹೇಳಿದ. ಗೌರಮ್ಮ ಅಂಗನವಾಡಿಯ ಮಕ್ಕಳ ಕತೆ ಹೇಳಿದರು. ಮಧ್ಯದಲ್ಲಿ ಮೆಲ್ಲಗೆ, "ಉಮ್ಮತ್ತೂರಲ್ಲಿ ಹಿತ್ಲಿಂದ ಓಡೋಗಿದ್ರಂತಲ್ಲ?" ಎಂದರು.

ಸುದ್ದಿ ಹಂಗಳದವರೆಗೂ ಬಂದಿತ್ತು! ನಾನು ಕಣ್ಣು ಮುಚ್ಚಿಕೊಂಡೆ.

"ಓಡ್ಲಿಲ್ಲ. ನಡ್ಕಂಡೇ ಬಂದೆ," ಎಂದ ಚಿಕ್ಕಪ್ಪ. ಗೇರು ಬದಲಿಸುತ್ತ, "ಆ ಹುಡ್ಗಿ ತಲೆ ಬಗ್ಗಿಸ್ಕ ನಡುಗ್ತಾ ಕೂತಿತ್ತು. ನಂಗೂ ನಡುಕ. ಇಬ್ರಲ್ಲಿ ಒಬ್ರಾದ್ರೂ ಎದ್ದೋದ್ರೆ ಇನ್ನೊಬ್ರಿಗೆ ನೆಮ್ಮದಿ ಅಂತ ನಾನೇ ಎದ್ದೆ."

ಇದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ. ಅವನ ಚಪ್ಪಲಿಯ ಕತೆ ಹೇಳಿಕೊಂಡು ನಗುವುದರಲ್ಲೇ ನಮಗೆ ಪುರಸೊತ್ತಿರಲಿಲ್ಲ.

ಗೌರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ ಹೇಳಿದರು: "ನೀವ್ ನಿಜ ಹೇಳುದ್ರಿ, ನಾನೂ ಹೇಳ್ಬುಡ್ತೀನಿ. ನಮ್ಮಣ್ಣ ಇದ ನಿಮಗೆ ಹೇಳಿರಕ್ಕಿಲ್ಲ. ನಾನು ಅಂಗನವಾಡಿ ಬುಡಕ್ಕಿಲ್ಲ. ಅಮ್ಮ ಹೋದ್ಮೇಲೆ ಮನೇಲಿ ನಾನೊಬ್ಳೆ. ಬೆಳಿಗ್ಗೆ ಆ ಮಕ್ಕಳು ಬಂದು ಸೆರಗು ಹಿಡ್ದು ಎಳುದ್ರೇ ನಂಗೆ ಬೆಳಗಾಗದು. ಕುದೇರಿಗೆ ಬಾ ಅಂದ್ರೆ ನಾನು ಬರಕ್ಕಿಲ್ಲ."

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ನನ್ನ ನಗು ಇಂಗಿಹೋಯಿತು. ಊರಿನಲ್ಲಿ ರೇಷ್ಮೆ ಸೀರೆ ಉಟ್ಟು ಕಾಯುತ್ತಿರುವ ಅವ್ವನ ಮುಖ ಕಣ್ಣ ಮುಂದೆ ಬಂತು. ಚಿಕ್ಕಪ್ಪ ಕಾರನ್ನು ಒಂದು ಹೊಲ ದಾಟಿಸಿದ, ಇನ್ನೊಂದು ಹೊಲ ದಾಟಿಸಿದ.

"ಅರಿಶಿನ ನೆಟ್ಮೇಲೆ ದಿನಾ ಎದುರ್ಗೆ ಕೂತು ನೋಡ್ಕಬೇಕಾ?" ಎಂದ ಕೊನೆಗೆ. "ವಾರಕ್ಕೊಂದ್ಸಲ ಓಗಿ ಬಂದ್ರಾಯ್ತದ. ನಾನೇ ಇಲ್ಲಿಗೆ ಬತ್ತೀನಿ ಬುಡಿ."

ಗೌರಮ್ಮ ಮೊದಲ ಸಲ ಅವನ ಕಡೆ ಪೂರ್ತಿ ತಿರುಗಿದರು. ಅದೇ ಹೊತ್ತಿಗೆ ಕಾರು ಎರಡು ಸಲ ಬಿಕ್ಕಿ, ಒಮ್ಮೆ ಮೈ ಕೊಡವಿ, ನಿಂತೇಹೋಯಿತು.

ಪೆಟ್ರೋಲು ಮುಗಿದಿತ್ತು. ಬೆಳಿಗ್ಗೆಯಿಂದ ಕೇಳಿದ ಗುರುಗುಡುವಿಕೆ ನಿಂತದ್ದೇ ತಡ, ಹೂವಿನ ಮೇಲೆ ಜೇನುನೊಣಗಳು ಗುಂಯ್‌ಗುಡುವುದೂ ಕೇಳತೊಡಗಿತು. ಸ್ವಲ್ಪ ದೂರದಲ್ಲಿ ಕೇರಳದಿಂದ ಬಂದ ಒಂದು ಕುಟುಂಬ ಹೂವಿನ ನಡುವೆ ಫೋಟೋ ತೆಗೆಸಿಕೊಳ್ಳುತ್ತಿತ್ತು.

"ನೀವ್ ಅಂದದ್ದು ಗಾಡಿಗೆ ಒಪ್ಪಿಗೆ ಇಲ್ವೇನೋ," ಎಂದರು ಗೌರಮ್ಮ.

"ಅದರ ಮಾತ್ ಯಾರ್ ಕೇಳ್ತರೆ," ಎಂದ ಚಿಕ್ಕಪ್ಪ. ಈ ಸಲ ಅವರನ್ನೇ ನೋಡಿ ಹೇಳಿದ.

ಕಾಡಂಚಿನ ಆ ಜಾಗದಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಇಂಜಿನ್ ನಿಂತರೂ ಕೀ ಮಾತ್ರ ಹಿಡಿದಲ್ಲೇ ಹಿಡಿದಿತ್ತು. ಗೌರಮ್ಮ ತಾವೊಂದು ಕೈ ನೋಡುತ್ತೇನೆಂದು ತಿರುಗಿಸಲು ಹೋಗಿ ಬೆರಳೆಲ್ಲ ಕಪ್ಪು ಜಿಡ್ಡು ಮಾಡಿಕೊಂಡರು. ಕೈಚೀಲದಿಂದ ಸ್ಯಾನಿಟೈಸರ್ ಸೀಸೆ ತೆಗೆದು ಪುಸ್ ಪುಸ್ ಎಂದು ಕೈಗೆ ಹೊಡೆದುಕೊಂಡರು. ಕೊರೋನಾ ಹೋದರೂ ಅಂಗನವಾಡಿಯ ಚೀಲದಿಂದ ಅದು ಹೋಗಿರಲಿಲ್ಲ. ಜಿಡ್ಡು ಕರಗಿ ಇಳಿಯಿತು. ಅವರು ಬೆರಳು ನೋಡಿದರು, ಕೀ ನೋಡಿದರು.

"ಇಲ್ಲಿಗೂ ಹೊಡುದ್ರೆ?" ಎಂದರು.

"ತಡೀರಿ ತಡೀರಿ, ಕರೆಂಟದೆ!" ಎಂದು ಚಿಕ್ಕಪ್ಪ ಹಾರಿ ಇಳಿದು, ಬಾನೆಟ್ ಎತ್ತಿ ಬ್ಯಾಟರಿಯ ವೈರು ಕಳಚಿ ಬಂದ. "ಈಗ ಹೊಡೀರಿ."

ಗೌರಮ್ಮ ಹೊಡೆದರು, ಚಿಕ್ಕಪ್ಪ ಕೀ ಅಲುಗಿಸಿದ. ಇನ್ನೊಮ್ಮೆ ಹೊಡೆದರು, ಇನ್ನೊಮ್ಮೆ ಅಲುಗಿಸಿದ. ಕಪ್ಪು ರಸ ಹನಿಹನಿಯಾಗಿ ಅವನ ಬಿಳಿ ಪಂಚೆಯ ಮೇಲೆ ಬೀಳುತ್ತಿತ್ತು. ಕಾರಿನೊಳಗೆ ಆಸ್ಪತ್ರೆ ಮತ್ತು ಬಾಣಂತಿ ಕೋಣೆ ಎರಡರ ವಾಸನೆ. ನಾನು ನನ್ನ ಕರ್ಚೀಫು ಕೊಟ್ಟೆ, ಅದೂ ಕಪ್ಪಾಯಿತು. "ಎಡಕ್ಕೆ," "ಅಲ್ಲ, ಒಸಿ ಒತ್ತಿ ಎಡಕ್ಕೆ," "ನೀವ್ ಹಿಡ್ಕಳಿ, ನಾನ್ ತಿರುವ್ತೀನಿ," ಎಂದು ಇಬ್ಬರೂ ಎಷ್ಟೋ ಕಾಲದಿಂದ ಒಟ್ಟಿಗೆ ಒಲೆ ಹೂಡಿದವರ ಹಾಗೆ ಜಗಳವಾಡಿದರು. ಕಡೆಗೆ ಟಕ್ ಎಂದಿತು. ಕೀ ತಿರುಗಿತು. ಚಿಕ್ಕಪ್ಪ ಅದನ್ನು ಈಚೆಗೆ ಎಳೆದು, ಬಾವಿಗೆ ಬಿದ್ದ ಬಿಂದಿಗೆ ಎತ್ತಿದವನಂತೆ ಮೇಲೆ ಹಿಡಿದು ಕೂಗಿದ. ಗೌರಮ್ಮ ಚಪ್ಪಾಳೆ ತಟ್ಟಿದರು. ಆ ಕೇರಳದವರೂ ಏನೆಂದು ತಿಳಿಯದೆಯೇ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ದೂಳೆಬ್ಬಿಸುತ್ತ ನಂಜಪ್ಪನವರ ಬೈಕು ಬಂತು. ಹಿಂದೆ ಒಂದು ಪಕ್ಕಕ್ಕೆ ಕೂತ ನಮ್ಮವ್ವ, ಹಾರುವ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಬೈಕು ನಿಲ್ಲುವ ಮೊದಲೇ ಸೆರಗು ಬಿಟ್ಟು ಕೂಗಿದಳು:

"ಓಡೋಗದಾದ್ರೆ ಒಬ್ನೇ ಓಡೋಗ್ಲಾ! ಎಣ್ಣನ್ನೂ ಕರ್ಕಂಡು ಓಡೋಗದಾ!"

ನಂಜಪ್ಪನವರು ಕಪ್ಪು ಪಂಚೆಯ ಗಂಡನ್ನು ನೋಡಿದರು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತ ತಂಗಿಯನ್ನು ನೋಡಿದರು, ಸೀಟಿನ ಮೇಲೆ ನಕ್ಕು ಬಿದ್ದಿದ್ದ ನನ್ನನ್ನು ನೋಡಿದರು. "ಏನ್ ಗೌರ, ಏನಂತೀಯ ನೀನು?" ಎಂದರು, ಬಹಳ ಎಚ್ಚರಿಕೆಯಿಂದ.

ಗೌರಮ್ಮ ನಿಧಾನವಾಗಿ ಕೈ ಒರೆಸಿಕೊಂಡರು. "ಗಂಡು ಇರ್ಲಿ ಕಣಣ್ಣ. ಗಾಡಿ ಬೇಕಾದ್ರೆ ಮಾರ್ಲಿ," ಎಂದರು.

ಅವ್ವ ಬೆಟ್ಟದ ದಿಕ್ಕಿಗೆ ತಿರುಗಿ ಎರಡೂ ಕೈ ಎತ್ತಿ, "ಮಾದಪ್ಪಾ!" ಎಂದಳು. ಎತ್ತಿದ ಕೈ ಇಳಿಯುವ ಮೊದಲೇ ಚಿಕ್ಕಪ್ಪ ಹೇಳಿಬಿಟ್ಟ: "ಅತ್ಗೆ, ನಾನೇ ಇಲ್ಲಿಗೆ ಬಂದಿರ್ತೀನಿ ಅಂದಿವ್ನಿ."

ಅವ್ವ ಹೊಲದ ಬದುವಿನ ಮೇಲೆ ಕೂತುಬಿಟ್ಟಳು. "ಈ ವಯಸ್ಸಲ್ಲಿ ಮನೆಅಳಿಯನಾ?" ಎಂದಳು. ನಂಜಪ್ಪನವರು ನೆಲ ನೋಡಿದರು. ಗೌರಮ್ಮ ಸೆರಗು ಬಿಚ್ಚಿ ಹೆಗಲಿಗೆ ಹೊದ್ದುಕೊಂಡರು. ಚಿಕ್ಕಪ್ಪ ಅತ್ತಿಗೆಯ ಮುಂದೆ ಕೀ ಹಿಡಿದು ನಿಂತಿದ್ದ. ಓಡುವ ಲಕ್ಷಣ ಮಾತ್ರ ಅವನಲ್ಲಿ ಒಂದಿಷ್ಟೂ ಇರಲಿಲ್ಲ.

ಅವ್ವ ಅವನನ್ನು ಬಹಳ ಹೊತ್ತು ನೋಡಿದಳು. ಅವನ ಕೆನ್ನೆಗೆ ಮೆತ್ತಿದ್ದ ಕಪ್ಪನ್ನು ನೋಡಿದಳು. ಆಮೇಲೆ ಎದ್ದು, ಸೆರಗಿನಿಂದ ತನ್ನ ಕಣ್ಣೊರೆಸಿಕೊಂಡು, ಅದೇ ಸೆರಗಿನಿಂದ ಅವನ ಕೆನ್ನೆ ಒರೆಸಿದಳು.

"ಮಾತಾಡೋರು ಮಾತಾಡ್ಲಿ. ಅವ್ರೇನ್ ಕುದೇರಿಗೆ ಬಂದು ನಿಂಗೆ ಮುದ್ದೆ ತಿರುವುದ್ರಾ? ಒಬ್ನೇ ತಿರುವ್ಕಂಡು ಒಬ್ನೇ ಉಂಡಿದ್ದು ಸಾಕು. ಇಲ್ಲೇ ಇದ್ಬುಡ್ಲಾ," ಎಂದಳು.

ಪೆಟ್ರೋಲನ್ನು ನಂಜಪ್ಪನವರೇ ಬಾಟಲಿಯಲ್ಲಿ ತಂದರು. ಮರುದಿನ ಗುಂಡ್ಲುಪೇಟೆಯ ಮೆಕ್ಯಾನಿಕ್ ಹಳೆಯ ಸ್ವಿಚ್ಚನ್ನೇ ಕಿತ್ತು ಹೊಸದು ಹಾಕಿದ. ಕಾರು ಮಾರಲಿಲ್ಲ. ಕಾರ್ತೀಕದಲ್ಲಿ ಮದುವೆಯಾಯಿತು. ಈಗ ಚಿಕ್ಕಪ್ಪ ಹಂಗಳದಲ್ಲಿದ್ದಾನೆ. ಬೆಳಿಗ್ಗೆ ಅಂಗನವಾಡಿಯ ಗೇಟು ತೆರೆಯುವುದು ಅವನ ಕೆಲಸ. ವಾರಕ್ಕೊಮ್ಮೆ ಇಬ್ಬರೂ ಕುದೇರಿಗೆ ಹೋಗಿ ಅರಿಶಿನ ಮಾತಾಡಿಸಿಕೊಂಡು ನಮ್ಮ ಮನೆಗೆ ಬರುತ್ತಾರೆ. ಕಾರು ಓಡಿಸುವುದು ಚಿಕ್ಕಮ್ಮ. ಪಕ್ಕದಲ್ಲಿ ಚಿಕ್ಕಪ್ಪ ಕಾಲಿನಿಂದ ಇಲ್ಲದ ಬ್ರೇಕು ಒತ್ತುತ್ತಿರುತ್ತಾನೆ.

ಅವರಿಗೆ ಮದುವೆಯ ಫೋಟೋ ಅಂತ ಒಂದಿದೆ, ಆದರೆ ಗೋಡೆಗೆ ಹಾಕಿರುವುದು ಆ ಭಾನುವಾರದ್ದು. ಆ ಕೇರಳದ ಕುಟುಂಬದ ಯುವಕ ಅಷ್ಟು ಹೊತ್ತೂ ನಮ್ಮನ್ನೇ ನೋಡುತ್ತಿದ್ದ. ಭಾಷೆ ತಿಳಿಯದಿದ್ದರೂ ಏನೋ ಒಳ್ಳೆಯದಾಯಿತೆಂದು ತಿಳಿದಿರಬೇಕು. ಕ್ಯಾಮೆರಾ ಹಿಡಿದು ಓಡಿಬಂದು, "ಚೇಟ್ಟಾ, ಒರು ಫೋಟೋ?" ಎಂದ. ನಮ್ಮನ್ನೆಲ್ಲ ಹೂವಿನ ಮುಂದೆ ಸಾಲಾಗಿ ನಿಲ್ಲಿಸಿದ. ಒಂದು ತುದಿಗೆ ಗೌರಮ್ಮ, ಇನ್ನೊಂದು ತುದಿಗೆ ಚಿಕ್ಕಪ್ಪ, ನಡುವೆ ನಾವೆಲ್ಲ. ಅವನು ತಲೆಯಾಡಿಸಿ, ಕೈ ಬೀಸಿ, "ಚೇಟ್ಟಾ, ಅಡುತ್ತು ನಿಲ್ಕೂ," ಎಂದ.

ಚಿಕ್ಕಪ್ಪನಿಗೆ ಮಲಯಾಳ ಬಾರದು. "ಏನಂತಾ ಅವ್ನ?" ಎಂದು ಕೇಳಿದ.

"ಹತ್ರ ನಿಂತ್ಕಳಿ ಅಂತವ್ನೆ," ಎಂದರು ಗೌರಮ್ಮ.

"ಯಾರ್ ಹತ್ರ?"

"ನನ್ ಹತ್ರ."

ಚಿಕ್ಕಪ್ಪ ನಮ್ಮನ್ನೆಲ್ಲ ದಾಟಿ ಹೋಗಿ ನಿಂತ.